ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು

ಮಾನ್ಯ ಸಂಪಾದಕರೇ,

ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಕ್ರೀಡಾಕೂಟಕ್ಕೆ ತಂಡ ಆರಿಸುವ ಕಾಲವಿದು. ಖೊ ಖೊ ತಂಡಕ್ಕೆ 12 ಮಂದಿ, ಅಂಕಣಕ್ಕಿಳಿಯುವವರು 9. ಕಬಡ್ಡಿಗೂ 12, ಆಡುವವರು 7. ನಲವತ್ತು ಮಕ್ಕಳು ಅಭ್ಯಾಸಕ್ಕೆ ಬಂದಿದ್ದರೆ 28 ಮಕ್ಕಳು ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗುತ್ತಾರೆ. ಅವರ ಅಪ್ಪ ಅಮ್ಮಂದಿರಿಗಾಗಿ ಈ ಪತ್ರ.

ಮೊದಲ ಸಂಜೆ ಉಪದೇಶ ಬೇಡ. ‘ಹೋಗ್ಲಿ ಬಿಡು, ಓದಿನ ಕಡೆ ಗಮನ ಕೊಡು’ ಅಂದರೆ, ಇಷ್ಟು ದಿನ ಮಳೆಯಲ್ಲಿ ನೆನೆದು ಓಡಿದ್ದೆಲ್ಲ ದಂಡ ಎಂದೇ ಮಗುವಿಗೆ ಕೇಳಿಸುತ್ತದೆ. ‘ವಶೀಲಿ ಇದ್ದೋರಿಗೇ ಸಿಗೋದು’ ಎಂಬ ಮಾತು ಇನ್ನೂ ಕೆಟ್ಟದ್ದು. ನಾಳೆ ಅದೇ ಮೇಷ್ಟ್ರೆದುರು, ಆಯ್ಕೆಯಾದ ಗೆಳೆಯನ ಪಕ್ಕದಲ್ಲೇ ಆ ಮಗು ಕೂರಬೇಕು. ‘ಬೇಜಾರಾಯ್ತಲ್ವಾ’ ಅಂದು ಬಿಸಿ ಅನ್ನ ಬಡಿಸಿ. ಅತ್ತರೆ ಅಳಲಿ. ಭದ್ರಾವತಿಯ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸ್‌ನಲ್ಲಿ 137 ಹೊಡೆದದ್ದನ್ನು ವಾರ ಕಳೆದ ಮೇಲೆ ಹೇಳಿ. ಆಗ ಕಿವಿಗೆ ಹೋಗುತ್ತದೆ.

ಎರಡು ಮೂರು ದಿನ ಬಿಟ್ಟು ಮಗುವೇ ಮೇಷ್ಟ್ರ ಹತ್ತಿರ ಹೋಗಲಿ, ಅಪ್ಪ ಫೋನ್ ಮಾಡುವುದು ಬೇಡ. ‘ನನ್ನನ್ಯಾಕೆ ತಗೊಳ್ಳಲಿಲ್ಲ’ ಎಂದು ಕೇಳಿದರೆ ಸಿಗುವುದು ಸಮಜಾಯಿಷಿ. ‘ಸರ್, ನಾನು ಮೊದಲು ಯಾವುದನ್ನ ಸರಿ ಮಾಡ್ಕೋಬೇಕು’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಖೊ ಖೊದಲ್ಲಿ ಆ ಉತ್ತರ ಎಷ್ಟೋ ಸಲ ಕೂತಲ್ಲಿಂದ ಏಳುವುದರ ಬಗ್ಗೆಯೇ ಇರುತ್ತದೆ. ಅವಸರದ ಮಕ್ಕಳು ಬೆನ್ನಿಗೆ ಕೈ ತಾಗುವ ಮೊದಲೇ ಎದ್ದು ಫೌಲ್ ಮಾಡುತ್ತಾರೆ. ಅಂಜುವ ಮಕ್ಕಳು ಅಂಗಾಲು ಪೂರ್ತಿ ಊರಿ ಕೂತು ಏಳುವಾಗ ತಡ ಮಾಡುತ್ತಾರೆ. ಮಳೆ ಹಿಡಿದರೆ ಇದರ ಅಭ್ಯಾಸಕ್ಕೆ ಜಗಲಿ ಸಾಕು. ಹಿಮ್ಮಡಿ ಎತ್ತಿ, ಕೈಬೆರಳ ತುದಿ ನೆಲಕ್ಕೆ ತಾಗಿಸಿ ಕೂರಬೇಕು. ತಂಗಿಯೋ ಅಜ್ಜನೋ ಹಿಂದಿನಿಂದ ಮುಟ್ಟಿ ‘ಖೊ’ ಅಂದೊಡನೆ ಎದ್ದು ಮೂರು ಹೆಜ್ಜೆ ಹಾಕಬೇಕು. ಹತ್ತು ಸಲ ಮಾಡಿ ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು. ನಡುನಡುವೆ ಮುಟ್ಟದೆ ಬರೀ ‘ಖೊ’ ಅನ್ನಿ, ಆಗ ಏಳಬಾರದು. ನೆಲ ಒದ್ದೆಯಿದ್ದರೆ ಮಾತ್ರ ಬೇಡ, ಜಾರಿದರೆ ಮಂಡಿ ತಿರುಚುತ್ತದೆ.

ಹುಟ್ಟಿದ ತಿಂಗಳನ್ನೂ ನೋಡಿ. ಒಂದೇ ವಯೋಮಿತಿಯ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರವಿರಬಹುದು; ಬೆಳೆಯುವ ವಯಸ್ಸಿನಲ್ಲಿ ಅಷ್ಟರಲ್ಲೇ ಎತ್ತರ, ಕಸುವು ಎರಡೂ ಬದಲಾಗುತ್ತವೆ. ಇದನ್ನು ಮಗುವಿಗೂ ತಿಳಿಸಿ.

ನಮ್ಮ ಕಡೆ ಮಳೆಗಾಲದಲ್ಲಿ ಶೂ ಒಣಗುವುದು ಬಚ್ಚಲ ಒಲೆಯ ಪಕ್ಕ. ಮಗು ಶೂ ಅಲ್ಲಿ ತಂದಿಟ್ಟರೆ ನಾಳೆ ಮೈದಾನಕ್ಕೆ ಹೋಗುವ ಮನಸ್ಸಿದೆ ಎಂದೇ ಲೆಕ್ಕ. ಕೆಸರು ಮೆತ್ತಿಕೊಂಡೇ ಮೂಲೆಯಲ್ಲಿ ಬಿದ್ದಿದ್ದರೆ ಬೈಯಬೇಡಿ, ನೀವೇ ತೊಳೆದು ಒಲೆಯ ಪಕ್ಕ ಇಡಿ. ಎರಡು ವಾರವಾದರೂ ಊಟ ಸೇರದೆ, ನಿದ್ದೆ ಬಾರದೆ, ಶಾಲೆಗೇ ಹೋಗಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕರೆ ಉಚಿತ.

ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಪಟ್ಟಿ ಓದುವ ಮೊದಲು, ಹೆಸರಿಲ್ಲದವರನ್ನು ಒಬ್ಬೊಬ್ಬರಾಗಿ ಕರೆದು ಏನು ಸುಧಾರಿಸಬೇಕೆಂದು ಹೇಳಿ. 28 ಮಕ್ಕಳಿಗೆ ತಲಾ ಒಂದು ನಿಮಿಷವೆಂದರೂ ಒಂದು ಪಿ.ಟಿ. ಪೀರಿಯಡ್ಡಿನಲ್ಲಿ ಮುಗಿಯುತ್ತದೆ.

– ನಿವೃತ್ತ ದೈಹಿಕ ಶಿಕ್ಷಕರು, ತೀರ್ಥಹಳ್ಳಿ