ಥೈರಾಯ್ಡ್ ಮಾತ್ರೆಗೂ ಕೈಗಾಕ್ಕೂ ಸಂಬಂಧವಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಥೈರಾಯ್ಡ್ ಲೇಖನದಲ್ಲಿ ‘ಈ ಹಾರ್ಮೋನು ಪರಮಾಣು ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ’ ಎಂಬ ಸಾಲಿತ್ತು. ಇಂಗ್ಲಿಷಿನ ‘ನ್ಯೂಕ್ಲಿಯರ್ ರಿಸೆಪ್ಟರ್’ ಅವಸರದಲ್ಲಿ ಹೀಗಾಗಿದೆ ಎಂದು ನನಗೇನೋ ಹೊಳೆಯಿತು. ಥೈರಾಯ್ಡ್ ಮಾತ್ರೆ ಹೊಸತಾಗಿ ಶುರು ಮಾಡಿದ್ದ, ಕಾಪುವಿನಲ್ಲಿರುವ ನನ್ನ ಅಕ್ಕನಿಗೆ ಹೊಳೆಯಲಿಲ್ಲ. ಬೆಳಿಗ್ಗೆ ಏಳಕ್ಕೇ ಫೋನು: “ಇದು ಕೈಗಾದ್ದೇ ಪರಮಾಣುವಾ ಮಾರಾಯ? ಹನ್ನೆರಡು ದಿನ ನುಂಗಿದೆ, ಸುಸ್ತು ಹೋಗ್ಲಿಲ್ಲ. ಇನ್ನು ನಾನು ಮುಟ್ಟುದಿಲ್ಲ.”

ಅವಳ ಹೆದರಿಕೆಯನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ವಿಕಿರಣ ಸೂಸುವ ಅಯೋಡಿನ್ ಕೊಡುವ ಚಿಕಿತ್ಸೆಯೊಂದು ಥೈರಾಯ್ಡಿಗೆ ಇದ್ದೇ ಇದೆ. ಅದು ಗ್ರಂಥಿ ಅತಿಯಾಗಿ ಕೆಲಸ ಮಾಡುವವರಿಗೆ, ಮತ್ತೆ ಕೆಲವು ಬಗೆಯ ಥೈರಾಯ್ಡ್ ಕ್ಯಾನ್ಸರಿನವರಿಗೆ. ಗ್ರಂಥಿ ಸೋತವರು ನುಂಗುವ ಥೈರಾಕ್ಸಿನ್ ಮಾತ್ರೆಯೇ ಬೇರೆ.

ಇಲ್ಲಿ ನ್ಯೂಕ್ಲಿಯಸ್ ಎಂದರೆ ಜೀವಕೋಶದೊಳಗಿನ ಕೋಶಕೇಂದ್ರ, ವಂಶವಾಹಿಗಳಿರುವ ಜಾಗ. ರಿಸೆಪ್ಟರ್ ಎಂದರೆ ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೊಟೀನು. ಅದಕ್ಕೆ ‘ಗ್ರಾಹಕ’ ಪಠ್ಯಪುಸ್ತಕದ ಮಾತೇ, ಒಪ್ಪುತ್ತೇನೆ. ಆದರೆ ಪತ್ರಿಕೆ ಓದುವವರಿಗೆ ಗ್ರಾಹಕ ಎಂದರೆ ಅಂಗಡಿಗೆ ಬರುವವ, ಮೆಸ್ಕಾಂ ಬಿಲ್ಲು ಕಟ್ಟುವವ. ರಿಸೆಪ್ಟರ್ ಎಂದೇ ಬರೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಮಳೆ ಹಿಡಿದ ಮೇಲೆ ಬೈಲಿನ ಗದ್ದೆಯಿಂದ ಗೊದಮೊಟ್ಟೆಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ತರಗತಿಯ ಕಿಟಕಿಯಲ್ಲಿ ಇಡುತ್ತಿದ್ದೆ. ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಕೊನೆಗೆ ಬಾಲ ದಿನದಿಂದ ದಿನಕ್ಕೆ ಮೋಟಾಗುತ್ತಾ ಮೈಯೊಳಗೇ ಕರಗುತ್ತದೆ. ಇಷ್ಟನ್ನೂ ಮಾಡಿಸುವುದು ಥೈರಾಯ್ಡ್ ಹಾರ್ಮೋನೇ. 1912ರಲ್ಲಿ ಗುಡರ್‌ನಾಟ್ಶ್ ಎಂಬ ವಿಜ್ಞಾನಿ ಕುದುರೆಯ ಥೈರಾಯ್ಡ್ ತಿನ್ನಿಸಿ, ಗೊದಮೊಟ್ಟೆಗಳನ್ನು ಅವಧಿಗೆ ಮೊದಲೇ ಪುಟಾಣಿ ಕಪ್ಪೆಗಳನ್ನಾಗಿ ಮಾಡಿದ್ದ. ಒಂದೇ ಹಾರ್ಮೋನು ಕಾಲಿನ ಕೋಶಗಳನ್ನು ಬೆಳೆಸುತ್ತದೆ, ಬಾಲದ ಕೋಶಗಳನ್ನು ಸಾಯಿಸುತ್ತದೆ. ಹಿಂದಿನ ಬೆಂಚಿನಿಂದ ಪ್ರತಿ ವರ್ಷವೂ “ಅದು ಹೇಗೆ ಸಾರ್?” ಎಂಬ ಪ್ರಶ್ನೆ ಬರುತ್ತಿತ್ತು. ಯಾವ ಕೋಶದಲ್ಲಿ ಯಾವ ವಂಶವಾಹಿ ತೆರೆಯಲು ಸಿದ್ಧವಾಗಿದೆಯೋ ಅದನ್ನೇ ಹಾರ್ಮೋನು ತೆರೆಸುವುದು, ಎನ್ನುತ್ತಿದ್ದೆ.

ತೆರೆಸುವ ಕೆಲಸ ರಿಸೆಪ್ಟರಿನದು. ಮಾತ್ರೆಯಲ್ಲಿರುವ ಥೈರಾಕ್ಸಿನ್ನಿಗೆ ಟಿ4 ಎಂದೂ ಹೆಸರು; ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ (ಇದನ್ನು ದಯವಿಟ್ಟು ಅಕ್ಕನಿಗೆ ಹೇಳಬೇಡಿ). ದೇಹದ ಕಿಣ್ವ ಒಂದನ್ನು ಕಿತ್ತಾಗ ಅದು ಟಿ3 ಆಗುತ್ತದೆ, ನಿಜವಾದ ಕೆಲಸಗಾರ ಅದೇ. ಟಿ3 ಕೋಶಕೇಂದ್ರಕ್ಕೆ ಬರುವ ಹೊತ್ತಿಗೆ ರಿಸೆಪ್ಟರ್ ಡಿಎನ್‌ಎ ಮೇಲೆ ಮೊದಲೇ ಕೂತಿರುತ್ತದೆ, ಹೆಚ್ಚಾಗಿ ಆರ್‌ಎಕ್ಸ್‌ಆರ್ ಎಂಬ ಜೊತೆಗಾರ ಪ್ರೊಟೀನಿನೊಂದಿಗೆ. ಹಾರ್ಮೋನು ಬಾರದಿದ್ದರೆ ಅದು ಸುಮ್ಮನೆ ಕೂರುವುದೂ ಇಲ್ಲ. ತಡೆಯುವ ಪ್ರೊಟೀನುಗಳನ್ನು ಹತ್ತಿರ ಸೇರಿಸಿಕೊಂಡು ವಂಶವಾಹಿಯನ್ನು ಮುಚ್ಚಿ ಹಿಡಿಯುತ್ತದೆ. ನಮ್ಮೂರ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಹಾಗೆ. ಟಿ3 ಬಂದು ಕೂತಿತೆಂದರೆ ರಿಸೆಪ್ಟರಿನ ಆಕಾರ ಬದಲಾಗಿ ಹಲಗೆಗಳು ಕಳಚುತ್ತವೆ, ನೆರವಿನ ಪ್ರೊಟೀನುಗಳು ಸೇರಿಕೊಳ್ಳುತ್ತವೆ, ಕೆಲಸ ಹರಿಯತೊಡಗುತ್ತದೆ. ಹಾರ್ಮೋನೇ ಇಲ್ಲದೆ ಹುಟ್ಟಿದ ಇಲಿಗಳಿಗಿಂತ ರಿಸೆಪ್ಟರೇ ಇಲ್ಲದ ಇಲಿಗಳ ಪಾಡು ವಾಸಿ ಎಂದು ಪ್ರಯೋಗಗಳಲ್ಲಿ ಕಂಡಿದೆ. ಕೇಳಲು ವಿಚಿತ್ರ, ಆದರೆ ಹಲಗೆ ಹಾಕುವವನೇ ಇಲ್ಲದಿದ್ದರೆ ನೀರು ಅಷ್ಟಿಷ್ಟಾದರೂ ಹರಿಯುತ್ತದಲ್ಲ!

ಇದೆಲ್ಲ ನಿನ್ನೆ ಮೊನ್ನೆಯ ಸುದ್ದಿಯಲ್ಲ. ಟಿ3 ಹೋಗಿ ಅಂಟಿಕೊಳ್ಳುವುದು ಕೋಶಕೇಂದ್ರದಲ್ಲಿ ಎಂದು ಒಪೆನ್‌ಹೈಮರ್ ತಂಡ 1972ರಲ್ಲಿ ಇಲಿಗಳಲ್ಲಿ ತೋರಿಸಿತ್ತು. (ಜ್ಯಾಕ್ ಒಪೆನ್‌ಹೈಮರ್, ಬಾಂಬಿನವನಲ್ಲ. ಇಲ್ಲೂ ಗೊಂದಲ ಬೇಡ.) 1986ರಲ್ಲಿ ಎರಡು ತಂಡಗಳು ರಿಸೆಪ್ಟರಿನ ವಂಶವಾಹಿಯನ್ನೇ ಗುರುತಿಸಿದವು. ಅದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ: ಹೃದಯದಲ್ಲಿ ಆಲ್ಫಾದ್ದು ಮೇಲುಗೈ, ಪಿತ್ತಜನಕಾಂಗದಲ್ಲಿ ಬೀಟಾದ್ದು.

ಅಕ್ಕನಿಗೆ ಬೇಕಾಗಿದ್ದದ್ದು ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಮಾತು. ಈ ಮಾತ್ರೆ ಗ್ಲೂಕೋಸ್ ನೀರಲ್ಲ. ವಂಶವಾಹಿ ತೆರೆಯಬೇಕು, ಅದರ ನಕಲು ಆಗಬೇಕು, ಅದರಿಂದ ಹೊಸ ಪ್ರೊಟೀನು ತಯಾರಾಗಬೇಕು. ಅದೂ ಅಲ್ಲದೆ ನುಂಗಿದ ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ದಿನಾ ನುಂಗಿದರೂ ಮಟ್ಟ ಒಂದು ಹದಕ್ಕೆ ಬರಲು ಐದಾರು ವಾರ ಹಿಡಿಯುತ್ತದೆ. ವೈದ್ಯರು ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಪರೀಕ್ಷೆಗೆ 6ರಿಂದ 8 ವಾರ ಬಿಟ್ಟು ಬನ್ನಿ ಎನ್ನುವುದು ಅದಕ್ಕೇ. ಹನ್ನೆರಡನೆಯ ದಿನಕ್ಕೆ ಫಲ ಕಾಣಲಿಲ್ಲವೆಂದು ಬಿಡುವುದು, ನೇಜಿ ನೆಟ್ಟ ವಾರದಲ್ಲೇ ಕತ್ತಿ ಹಿಡಿದು ಗದ್ದೆಗೆ ಇಳಿದ ಹಾಗೆ.

ಇನ್ನೊಂದು ಸಂಗತಿ ವಿಚಾರಿಸಿದ ಮೇಲೆ ಹೊರಬಿತ್ತು. ಅಕ್ಕ ಮಾತ್ರೆ ನುಂಗುತ್ತಿದ್ದದ್ದು ಬಿಸಿ ಕಾಫಿಯ ಜೊತೆ, ಹಿಂದೆಯೇ ಕ್ಯಾಲ್ಸಿಯಂ ಗುಳಿಗೆ. ಎರಡೂ ಥೈರಾಕ್ಸಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು; ಕ್ಯಾಲ್ಸಿಯಂಗೆ ನಾಲ್ಕು ಗಂಟೆ. ಕಾಫಿಯ ವಿಷಯದಲ್ಲಿ ಇನ್ನೂ ರಾಜಿ ನಡೆಯುತ್ತಿದೆ. ಮಾತ್ರೆಯನ್ನಂತೂ ವೈದ್ಯರಲ್ಲಿ ಕೇಳಿ ಮತ್ತೆ ಶುರು ಮಾಡಿದ್ದಾಳೆ.

ಮುಂದಿನ ವಾರದ ಆರೋಗ್ಯ ಪುಟದಲ್ಲಿ ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬೇಡ, ಅಕ್ಕನ ಕನ್ನಡಕ ಹಳೆಯದು.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಉಡುಪಿ