ಮಿನಿಕಾಯ್ ದೀಪಸ್ತಂಭ ಹತ್ತಿ ಬಂದು ಬರೆದ ಪತ್ರ

ಪ್ರೀತಿಯ ಕ್ಯಾಪ್ಟನ್,

ನೀನು ಇನ್ನೂ ಕ್ಯಾಪ್ಟನ್ ಆಗಿಲ್ಲವೆಂದು ಬಲ್ಲವರೂ ಇದನ್ನು ಓದುತ್ತಾರೆ. ಆದರೂ ನೇತ್ರಾವತಿಯ ದೋಣಿಯಲ್ಲಿ ಕೊಟ್ಟ ಪದವಿಯನ್ನು ಹಿಂದಕ್ಕೆ ಪಡೆಯಲಾರೆ.

ರಾತ್ರಿ ಪಾಳಿಯಲ್ಲಿ ದೂರದಿಂದ ಬೆಳಕನ್ನಷ್ಟೇ ಕಂಡಿರುವೆನೆಂದು ನೀನು ಹೇಳುತ್ತಿದ್ದ, ಲಕ್ಷದ್ವೀಪದ ಮಿನಿಕಾಯ್ ದ್ವೀಪದ ದೀಪಸ್ತಂಭವನ್ನು ನಾನು ಕೊನೆಗೂ ಹತ್ತಿದೆ. 1885ರಲ್ಲಿ ಬೆಳಗಿದ, ಸುಮಾರು 47 ಮೀಟರ್ ಎತ್ತರದ ಆ ಬಿಳಿಯ ಗೋಪುರದ ತುದಿಯಲ್ಲಿ ನಿಂತರೆ ಒಂದು ಮಗ್ಗುಲಿಗೆ ಹವಳದ ದಿಬ್ಬಗಳ ಒಳಗೆ ನಿಂತ ತಿಳಿಹಸಿರು ನೀರಿನ ಲಗೂನ್, ಇನ್ನೊಂದು ಮಗ್ಗುಲಿಗೆ ಕಡುನೀಲಿ ಕಡಲು, ನಡುವೆ ತೆಂಗು ತುಂಬಿದ ಕಿರಿದಾದ ನೆಲ. ಇಷ್ಟು ಚೆಲುವಾದ ಈ ನೆಲವೇ ನಾವಿಕರಿಗೆ ಗಂಡಾಂತರವಾಗಿತ್ತು. ಗುಡ್ಡವಿಲ್ಲ, ದಿಣ್ಣೆಯಿಲ್ಲ, ನೀರಿಗಿಂತ ಕೆಲವೇ ಅಡಿ ಮೇಲಿರುವ ಹವಳದ ದ್ವೀಪವು ಕತ್ತಲಲ್ಲಿ ಕಣ್ಣಿಗೆ ಬೀಳುವಷ್ಟರಲ್ಲಿ ಹಡಗಿನ ತಳ ಹವಳಕ್ಕೆ ತಾಗಿರುತ್ತಿತ್ತು. 1862ರಲ್ಲಿ ‘ಕೊಲಂಬೊ’ ಎಂಬ ಹಬೆಹಡಗು ಒಡೆದದ್ದು ಇಲ್ಲಿಯೇ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪೂರ್ವದ ಬಂದರುಗಳಿಗೆ ಹೋಗುವ ಹಡಗುಗಳು ಈ ದಾರಿಯಲ್ಲಿ ಹೆಚ್ಚಿದ ಮೇಲಂತೂ ದೀಪವಿಲ್ಲದೆ ಗತ್ಯಂತರವಿರಲಿಲ್ಲ. ದೇಶ ಸ್ವತಂತ್ರವಾದ ಮೇಲೂ 1956ರವರೆಗೆ ಇದರ ಆಡಳಿತ ಬ್ರಿಟಿಷರಲ್ಲಿಯೇ ಉಳಿದಿತ್ತು.

ಈ ದ್ವೀಪದ ಗಂಡಸರಲ್ಲಿ ಬಹಳಷ್ಟು ಮಂದಿ ನಿನ್ನಂತೆಯೇ ಹಡಗಿನಲ್ಲಿ ದುಡಿಯುವವರು. ಇಲ್ಲಿ ಮನೆಯನ್ನೂ ಊರನ್ನೂ ನಡೆಸುವವರು ಹೆಂಗಸರು. ಅವರ ನಡುವೆ ಓಡಾಡಿ ಬಂದಿದ್ದರಿಂದಲೋ ಏನೋ, ಮೇಲೆ ನಿಂತಾಗ ನನ್ನ ಕಣ್ಣು ಲಗೂನನ್ನು ಬಿಟ್ಟು ದಿಗಂತದಲ್ಲಿ ಸಾಗುತ್ತಿದ್ದ ಸರಕು ಹಡಗೊಂದರಲ್ಲಿ ನೆಟ್ಟಿತು. ಅಷ್ಟೆತ್ತರದಿಂದಲೂ ದಿಗಂತವಿರುವುದು ಸುಮಾರು 24 ಕಿಲೋಮೀಟರ್ ದೂರದಲ್ಲಿ; ಅದರಾಚೆಗೆ ಯಾರಿಗೆ ಏನಾದರೂ ದಡದಲ್ಲಿರುವವರ ಕಣ್ಣಿಗೆ ಕಾಣದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಂದಿನಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಹಡಗು ಎಲ್ಲಿದೆಯೆಂದು ಮೊಬೈಲಿನಲ್ಲಿ ಹುಡುಕುತ್ತೇನೆ. ನಿನ್ನ ಅಮ್ಮ ಫೋನ್ ಮಾಡಿ, “ಅವನಿಗೇನೂ ತೊಂದರೆಯಿಲ್ಲ ತಾನೇ?” ಎಂದರೆ ಧೈರ್ಯ ಹೇಳುವವನು ನಾನೇ, ಆಮೇಲೆ ನಿದ್ದೆ ಬಾರದವನೂ ನಾನೇ. ಸಾಕು, ದಡಕ್ಕೆ ಬಂದುಬಿಡು ಎಂದು ಬರೆದು, ಕಡಲಿಲ್ಲದೆ ನೀನು ಹೇಗಿರುವೆ ಎಂದು ಯೋಚಿಸಿ ಅಳಿಸಿದ್ದೇನೆ. ಗುರುತಿಲ್ಲದ ನಾವಿಕರಿಗಾಗಿ ಯಾರೋ ಇಷ್ಟು ದೊಡ್ಡ ದೀಪವನ್ನು ಕಟ್ಟಿದರು. ನಿನ್ನನ್ನು ಇಷ್ಟು ಬಲ್ಲ ನನ್ನಿಂದ ಏನೂ ಆಗುತ್ತಿಲ್ಲವಲ್ಲ ಎಂಬ ಸಂಕಟವನ್ನು ಅಲ್ಲಿಂದ ಇಳಿದ ಮೇಲೂ ಇಳಿಸಿಕೊಳ್ಳಲಾಗಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇಲ್ಲಿನ ಹೆಸರಾಂತ ಒಣ ಟ್ಯೂನಾವನ್ನು, ಇವರು ‘ಮಾಸ್’ ಎನ್ನುವುದನ್ನು, ನಿನಗಾಗಿ ಕಟ್ಟಿಸಿದ್ದೇನೆ. ಬಂಗುಡೆ ಪ್ರಕರಣ ಮರುಕಳಿಸದಂತೆ ಈ ಸಲ ಪೊಟ್ಟಣವು ನಿನ್ನ ಅಮ್ಮನ ಕಪಾಟಿನಲ್ಲಿ, ಬೀಗದೊಳಗೆ ಇರುತ್ತದೆ.

ನಿನ್ನ,
ದಡದ ಗೆಳೆಯ