ಬುಡದ ನೀರನ್ನು ತಿರುಗಿಸಿದವರಿಗೆ

ನಮ್ಮ ಮನೆಯ ಕಲ್ಲಿನ ಪಾಯ ನಿನ್ನೆ ಸಂಜೆ ಮುಗಿಯಿತು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಎರಡು ಅಡಿ ಅಗಲಕ್ಕೆ ಸೈಜುಗಲ್ಲು ಕೂಡಿಸಿ ನಿಲ್ಲಿಸಿದ ಈ ಪಾಯದ ಮೇಲೆ, ದೀಪಾವಳಿಯ ಪಾಡ್ಯ ಕಳೆದ ಮರುದಿನದಿಂದ ಕಾಬ್ ಗೋಡೆ, ಅಂದರೆ ಮಣ್ಣು, ಮರಳು, ಹುಲ್ಲು ಕಲಸಿದ ಮುದ್ದೆಗಳನ್ನು ಇಟ್ಟಿಗೆಯಿಲ್ಲದೆ ಕೈಯಿಂದಲೇ ಒತ್ತಿ ಏರಿಸುವ ಗೋಡೆ, ಏಳಲಿದೆ. ಗೋಡೆ ಇನ್ನೂ ಒಂದು ಗೇಣೂ ಎದ್ದಿಲ್ಲವಾದ್ದರಿಂದ ಕೃತಜ್ಞತೆ ಹೇಳಲು ಇದು ತೀರ ಬೇಗವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಕಟ್ಟಲು ಶುರುಮಾಡಿದ ಮೇಲೆ ನಾಲ್ಕೈದು ತಿಂಗಳು ನನ್ನ ಕೈ ಮಣ್ಣಿನಿಂದ ಹೊರಬರುವುದಿಲ್ಲ; ಈ ತಯಾರಿಯ ವರ್ಷದಲ್ಲಿ ಹೊತ್ತುಕೊಂಡ ಋಣವನ್ನು ಅಷ್ಟು ದಿನ ಬಾಯಿಬಿಡದೆ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಜಾಗದ ತಕರಾರು, ಸಾಲ, ಮನೆಯವರ ವಿರೋಧ ಇವೆಲ್ಲ ನಿಮಗೆ ತಿಳಿದೇ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬಿಚ್ಚುವುದಿಲ್ಲ.

ಬೇಸಿಗೆ ಸುಗ್ಗಿ ಮುಗಿದ ಕೂಡಲೇ ಗಂಗಾವತಿಯಿಂದ ಒಣ ಭತ್ತದ ಹುಲ್ಲನ್ನು ಎರಡು ಟ್ರ್ಯಾಕ್ಟರ್ ತುಂಬಿಸಿ ತಂದುಕೊಟ್ಟ ಗೆಳೆಯನಿಗೆ, ಒಂದು ಕಲ್ಲೂ ಅಲುಗಾಡದಂತೆ ಪಾಯ ಕೂಡಿಸಿದ ಕುಷ್ಟಗಿ ಕಡೆಯ ಮೇಸ್ತ್ರಿಗೆ, ಭಾನುವಾರಗಳನ್ನು ಕೆಸರು ತುಳಿಯುವುದರಲ್ಲಿ ಕಳೆದ ಓಣಿಯ ಹುಡುಗರಿಗೆ, ತಾಡಪತ್ರಿಯನ್ನು ಉದ್ದರಿ ಕೊಟ್ಟು ಇಂದಿನವರೆಗೂ ದುಡ್ಡು ಕೇಳದ ಅಂಗಡಿಯ ಅಣ್ಣನಿಗೆ ನಾನು ಮನಸಾರೆ ಕೃತಜ್ಞ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಚಿಕ್ಕಪ್ಪನ ಮಗ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆಯನ್ನೇ ಬಳಸಬೇಕೆಂದು ಬಹಳ ವಾದಿಸಿದ. ಅವನ ಮಾತು ನಾನು ಕೇಳಲಿಲ್ಲ; ಆದರೂ ಆ ವಾದದ ನೆಪದಲ್ಲಿ ಅವನು ಕಲಿಸಿದ ಲೆಕ್ಕಗಳು ಈಗಲೂ ನನ್ನ ನೋಟ್‌ಬುಕ್ಕಿನಲ್ಲಿವೆ.

ಶಾಲೆಯ ಮೇಷ್ಟ್ರ ಬಗ್ಗೆ ಒಂದೆರಡು ಮಾತು ಹೆಚ್ಚು ಬರೆಯಬೇಕು. ಏಳು ಜಾಗಗಳ ಮಣ್ಣನ್ನು ಗಾಜಿನ ಬಾಟಲಿಗಳಲ್ಲಿ ತುಂಬಿಡಲು ಅವರು ತಮ್ಮ ಕಪಾಟಿನ ಒಂದು ಖಾನೆಯನ್ನೇ ಬಿಟ್ಟುಕೊಟ್ಟರು. ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿಟ್ಟರೆ ಮರಳು ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ, ನಯವಾದ ಹೂಳು ಒಂದೆರಡು ತಾಸಿನಲ್ಲಿ ಅದರ ಮೇಲೆ ಕೂಡುತ್ತದೆ, ಜೇಡಿ ಮಾತ್ರ ಇಡೀ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ತೇಲುತ್ತಲೇ ಇರುತ್ತದೆ. ನಮ್ಮ ಹೊಲದ ಎರೆಮಣ್ಣಿನ ಬಾಟಲಿ ಮೂರನೆಯ ದಿನಕ್ಕೂ ತಿಳಿಯಾಗಲಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಆ ಮಣ್ಣು ಬಿಳಿಜೋಳಕ್ಕೆ ಬಂಗಾರ, ಗೋಡೆಗೆ ಆಗಿಬರುವುದಿಲ್ಲ ಎಂಬುದನ್ನು ನಾನು ಒಪ್ಪಿಕೊಂಡದ್ದು ಆ ಕಪಾಟಿನ ಮುಂದೆ ನಿಂತು. ಗುಡ್ಡದ ಬದಿಯ ಮಸಾರಿ ಎಂಬ ಕೆಂಪು ಮಣ್ಣನ್ನು ಗೋಡೆಗೆ ಆರಿಸಿಕೊಂಡದ್ದೂ, ಮನೆಯ ಜಾಗವನ್ನು ಎರೆಹೊಲದಿಂದ ಗರಸು ನೆಲಕ್ಕೆ ಬದಲಿಸಿದ್ದೂ ಆ ಬಾಟಲಿಗಳ ಫಲ.

ಈ ಬರಹದ ಉಳಿದ ಭಾಗವೆಲ್ಲ ನಮ್ಮ ಓಣಿಯ ಕೊನೆಯ ಮನೆಯ ದೊಡ್ಡವ್ವನಿಗೆ ಸಲ್ಲಬೇಕು. ಉಳಿದವರು ಬೇಸರಿಸಿಕೊಳ್ಳುವುದಿಲ್ಲವೆಂದು ಬಲ್ಲೆ, ಏಕೆಂದರೆ ಆ ರಾತ್ರಿ ಊರಿನಲ್ಲಿದ್ದವರಿಗೆಲ್ಲ ಕಾರಣ ಗೊತ್ತಿದೆ.

ರೋಹಿಣಿ ಮಳೆಯ ಕಾಲ. ನನ್ನ ಮೊದಲ ಮಾದರಿ ಗೋಡೆ, ನಾಲ್ಕು ಅಡಿ ಉದ್ದ, ಮೂರು ಅಡಿ ಎತ್ತರದ್ದು, ಎರಡು ದಿನದ ಹಿಂದಷ್ಟೇ ಮುಗಿದು ಆರುತ್ತಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಎದ್ದ ಗಾಳಿಗೆ ತಾಡಪತ್ರಿಯ ಹಗ್ಗಗಳು ಒಂದೊಂದಾಗಿ ಕಿತ್ತುಹೋದವು, ಹಿಂದೆಯೇ ಮಳೆ ಸುರಿಯಿತು. ಕರೆಂಟ್ ಇರಲಿಲ್ಲ. ತಾಡಪತ್ರಿಯನ್ನು ಎರಡೂ ಕೈಯಿಂದ ಗೋಡೆಯ ತಲೆಯ ಮೇಲೆ ಒತ್ತಿ ಹಿಡಿದು ನಿಂತಿದ್ದ ನನಗೆ, ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದು ಬಂದ ದೊಡ್ಡವ್ವ ಮೊದಲು ಕಾಣಿಸಲೂ ಇಲ್ಲ. ಅವರು ಗೋಡೆಯ ಕಡೆ ನೋಡಲೇ ಇಲ್ಲ. ನನ್ನನ್ನು ದಾಟಿ ಮೇಲ್ಗಡೆ ಹೋಗಿ, ಇಳಿಜಾರಿನಿಂದ ಹರಿದುಬರುತ್ತಿದ್ದ ನೀರಿಗೆ ಅಡ್ಡಲಾಗಿ ಕಾಲುವೆ ತೋಡಲು ನಿಂತರು. ಅಲ್ಲಿ ಬಿಟ್ಟು ಇಲ್ಲಿ ಬಂದು ತಾಡಪತ್ರಿ ಹಿಡಿಯಬೇಕೆಂದು ನಾನು ಕೂಗಿಕೊಂಡೆ. ಅವರು ಗುದ್ದಲಿ ನಿಲ್ಲಿಸದೆ ಹೇಳಿದ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಯುತ್ತೇನೆ: “ತಲಿಮ್ಯಾಲಿನ ನೀರು ಹರದು ಹೋಕ್ಕೈತಿ. ಬುಡದಾಗಿನ ನೀರು ಕುಂತು ತಿಂತೈತಿ.”

ಬೆಳಗಿನ ನಾಲ್ಕರವರೆಗೆ ಅವರು ಅಲ್ಲಿಯೇ ಇದ್ದರು. ಗೋಡೆಯ ಪಡುವಣ ಭಾಗ ಎರಡು ಗಂಟೆಗೇ ಜಾರಿ ಬಿದ್ದಿತ್ತು. ಅದು ಬಿದ್ದ ಸದ್ದು ಕೇಳಿದ್ದೇ ತಡ, ನನ್ನೊಳಗೆ ಹಿಡಿದಿಟ್ಟದ್ದೇನೋ ಬಿಟ್ಟುಹೋಯಿತು. ಕೆಸರಿನಲ್ಲಿ ಕುಳಿತು ಅತ್ತೆ. ಒಂದು ಮಾದರಿ ಗೋಡೆಗೆ ಯಾರೂ ಹಾಗೆ ಅಳುವುದಿಲ್ಲ. ಆ ಸದ್ದು ನನಗೆ ಮೊದಲೇ ಪರಿಚಯವಿತ್ತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಮರೆತಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆಗಳ ಹಳ್ಳಿಹಳ್ಳಿಯಲ್ಲಿ ಮಣ್ಣಿನ ಮನೆಗಳು ಕುಸಿದವು. ಮಟ್ಟಸ ಚಾವಣಿಯ ಮೇಲೆ ಮಣ್ಣು ಹೊದಿಸಿದ ನಮ್ಮ ಮಾಳಿಗೆ ಮನೆಯ ಬೀದಿಗೋಡೆ ಬಿದ್ದದ್ದು ನಡುರಾತ್ರಿ. ನಾವೆಲ್ಲ ಪಡಸಾಲೆಯ ಒಳಬದಿಯಲ್ಲಿ ಮಲಗಿದ್ದರಿಂದ ಉಳಿದೆವು, ಗ್ವಾದಲಿಯಲ್ಲಿ ಕಟ್ಟಿದ್ದ ಆಕಳು ಉಳಿಯಲಿಲ್ಲ. ಅದಾದ ಮೇಲೆ ಅಪ್ಪ ಬದುಕಿದ್ದಷ್ಟು ಕಾಲ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕುಳಿತವರಲ್ಲ. ಯಾರ ಮನೆಗೆ ಹೋದರೂ ಕಂಬಕ್ಕೇ ಒರಗುತ್ತಿದ್ದರು. ಮಣ್ಣು ತಮಗೆ ಮೋಸ ಮಾಡಿತೆಂದು ಅವರು ನಂಬಿದ್ದರು, ಹಾಗೆ ನಂಬಿಯೇ ಹೋದರು.

ದೊಡ್ಡವ್ವ ಆ ರಾತ್ರಿ ನನ್ನನ್ನು ಸಮಾಧಾನಪಡಿಸಲಿಲ್ಲ. ಪಕ್ಕದಲ್ಲಿ ಕುಳಿತು, ಮಳೆ ಸಣ್ಣಗಾದ ಮೇಲೆ, ನಮ್ಮ ಹಳೆಯ ಮನೆ ಹೇಗೆ ಬಿದ್ದಿತೆಂಬುದನ್ನು ನಿಧಾನವಾಗಿ ಹೇಳಿದರು. ಅವರು ಹರೆಯದಿಂದಲೂ ಮಾಳಿಗೆಗೆ ಕರಲುಮಣ್ಣು ಹಾಕುವ, ಗೋಡೆ ಸಾರಿಸುವ ಕೆಲಸ ಮಾಡಿದವರು. ನಮ್ಮ ಮನೆಯ ಗೋಡೆಗಳು ನನಗಿಂತ ಹೆಚ್ಚು ಅವರಿಗೆ ಗೊತ್ತಿದ್ದವು. ಓಣಿಯಲ್ಲಿ ಕಾಂಕ್ರೀಟ್ ರಸ್ತೆ ಮಾಡಿದಾಗ ರಸ್ತೆ ನಮ್ಮ ಹೊಸ್ತಿಲಿಗಿಂತ ಎತ್ತರವಾಗಿ, ಮಳೆಯ ನೀರು ಗೋಡೆಯ ಬುಡದಲ್ಲಿ ನಿಲ್ಲತೊಡಗಿತ್ತು. ಗೋಡೆಯ ಕೆಳಗಿನ ಕಲ್ಲಿನ ಸಾಲುಗಳು ರಸ್ತೆಯಡಿ ಹೂತುಹೋಗಿ, ನೀರು ನೇರವಾಗಿ ಮಣ್ಣನ್ನು ಮುಟ್ಟುತ್ತಿತ್ತು. ಅದೇ ವರ್ಷ ಅಪ್ಪ ಬೆಳೆ ಮಾರಿದ ದುಡ್ಡಿನಲ್ಲಿ, ಮನೆ ಗಟ್ಟಿಯಾಗಲೆಂದು, ಹೊರಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಮಣ್ಣಿನ ಗೋಡೆ ಬುಡದಿಂದ ಹೀರಿದ ತೇವವನ್ನು ಮೈಯಿಂದ ಹೊರಗೆ ಬಿಟ್ಟು ಒಣಗಬೇಕು, ಸುಣ್ಣವಾಗಲಿ ಸಗಣಿಯಾಗಲಿ ಅದಕ್ಕೆ ಅಡ್ಡಿಬರುವುದಿಲ್ಲ. ಸಿಮೆಂಟ್ ಮಾತ್ರ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಗೋಡೆಯ ಒಳಗೆ ಮಣ್ಣು ಹಲವು ಮಳೆಗಾಲ ಹಸಿಯಾಗಿಯೇ ಇತ್ತು. “ನಿಮ್ಮಪ್ಪ ಜೀವಾ ಇಟ್ಟು ಮಾಡಿಸಿದ್ದ,” ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ಇದನ್ನು ಅಪ್ಪನಿಗೆ ಹೇಳಲು ಈಗ ದಾರಿಯಿಲ್ಲ. ಹೇಳುವಂತಿದ್ದರೂ ಹೇಳುತ್ತಿದ್ದೆನೋ ಇಲ್ಲವೋ ತಿಳಿಯದು. ಪ್ರೀತಿಯಿಂದ ಮಾಡಿಸಿದ ಕೆಲಸವೇ ಗೋಡೆಯನ್ನು ಕೊಂದಿತೆಂದು ಮಗುವೊಂದು ತಂದೆಗೆ ಹೇಗೆ ಹೇಳಬೇಕು? ಈ ಸಾಲುಗಳನ್ನು ಮೂರು ಸಲ ಅಳಿಸಿ ಬರೆದಿದ್ದೇನೆ. ಉಳಿಸಿಕೊಳ್ಳುತ್ತಿರುವುದು ಏಕೆಂದರೆ, ಈಗಲೂ ನಮ್ಮ ಊರುಗಳಲ್ಲಿ ಹಳೆಯ ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಬಳಿಸುತ್ತಿರುವ ಅಪ್ಪಂದಿರು ಅನೇಕರಿದ್ದಾರೆ.

ಬೆಳಕು ಹರಿದ ಮೇಲೆ ದೊಡ್ಡವ್ವ ಬಿದ್ದ ಭಾಗದಿಂದ ಒಂದು ಹೆಂಟೆಯನ್ನು ಎತ್ತಿ ನನ್ನ ಮುಂದೆ ಮುರಿದರು. ನಾನು ಪ್ರತಿ ದಿನದ ವರಸೆ, ಅಂದರೆ ಆ ದಿನ ಏರಿಸಿದ ಮಣ್ಣಿನ ಸಾಲು, ಮುಗಿದಾಗ, ಚಂದ ಕಾಣಲೆಂದು, ಅದರ ತಲೆಯನ್ನು ಒದ್ದೆ ಕೈಯಿಂದ ಸವರಿ ನುಣುಪು ಮಾಡಿದ್ದೆ. ಹೆಂಟೆ ಸರಿಯಾಗಿ ಅಲ್ಲಿಯೇ ಬಿಟ್ಟುಕೊಂಡಿತು. ಎರಡು ವರಸೆಗಳ ನಡುವಿನ ಆ ಜಾಗ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಒಂದು ಎಳೆ ಹುಲ್ಲೂ ಅದನ್ನು ದಾಟಿರಲಿಲ್ಲ. ಇನ್ನೊಂದು ತುಂಡಿನಲ್ಲಿ ಹುಲ್ಲು ಜಡೆಯಂತೆ ಒಂದೇ ಕಡೆ ಗಂಟುಗಟ್ಟಿ, ಸುತ್ತಲಿನ ಮಣ್ಣಿನಲ್ಲಿ ಎಳೆಯೇ ಇರಲಿಲ್ಲ. ದೊಡ್ಡವ್ವ ತಮ್ಮ ಹೆಬ್ಬೆರಳಿನಿಂದ ಆ ಹೊಳಪಿನ ಮೇಲೆ ಒಂದು ಗುಳಿ ಒತ್ತಿದರು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಪ್ರತಿ ವರಸೆಯ ತಲೆಯನ್ನು ಹೀಗೆ ಗುಳಿಗುಳಿಯಾಗಿ, ಒರಟಾಗಿ ಬಿಡಬೇಕು, ಮರುದಿನದ ಮುದ್ದೆಯನ್ನು ಆ ಗುಳಿಗಳೊಳಗೆ ಹೊಲಿದಂತೆ ಒತ್ತಬೇಕು ಎಂಬುದನ್ನು ನಾನು ಮೊಬೈಲಿನಲ್ಲಿ ಹತ್ತು ಸಲ ನೋಡಿದ್ದೆ. ಕೈಗೆ ಬಂದದ್ದು ಆ ಮೂರು ಗುಳಿಗಳನ್ನು ಕಂಡ ಮೇಲೆ.

ಎರಡನೆಯ ಮಾದರಿ ಗೋಡೆಯನ್ನು ಅವರು ಎದುರಿಗೆ ಕುಳಿತು ಕಟ್ಟಿಸಿದರು. ಎರಡು ಬುಟ್ಟಿ ಮಸಾರಿಗೆ ಮೂರು ಬುಟ್ಟಿ ಮರಳು ಎಂಬ ನಮ್ಮ ಅಳತೆಯನ್ನು ಅವರೇ ಗೊತ್ತುಮಾಡಿದ್ದು. ಮುಷ್ಟಿಯಷ್ಟು ಉಂಡೆಯನ್ನು ಸೊಂಟದೆತ್ತರದಿಂದ ಬೀಳಿಸಿದಾಗ ಅದು ಹರಡಿಕೊಂಡರೆ ನೀರು ಹೆಚ್ಚು, ಪುಡಿಯಾದರೆ ಜೇಡಿ ಕಡಿಮೆ, ಬಿದ್ದ ಮಗ್ಗುಲು ಮಾತ್ರ ತುಸು ಚಪ್ಪಟೆಯಾಗಿ ಕುಳಿತರೆ ಹದ. ನಾನು ಕಣ್ಣಿನಿಂದ ನೋಡುತ್ತಿದ್ದೆ, ಅವರು ಬೇರೆ ಕಡೆ ಮುಖ ಮಾಡಿ ಬಿದ್ದ ಸದ್ದಿನಿಂದಲೇ ಹೇಳುತ್ತಿದ್ದರು. ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಏರಿಸಲು ಬಿಡಲಿಲ್ಲ, ಕೆಳಗಿನ ವರಸೆ ತನ್ನ ಮೇಲಿನ ಭಾರ ಹೊರುವಷ್ಟು ಬಿಗಿಯುವ ಮೊದಲು ಇನ್ನೊಂದು ಮುದ್ದೆ ಇಡಲು ಬಿಡಲಿಲ್ಲ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ನೂರಾರು ವರ್ಷ ಹಳೆಯ ಕಾಬ್ ಮನೆಗಳು ಈಗಲೂ ಇವೆಯೆಂದೂ, ಇಂಥ ಗೋಡೆಗೆ ಒಳ್ಳೆಯ ಟೊಪ್ಪಿಗೆಯೂ ಒಳ್ಳೆಯ ಬೂಟೂ, ಅಂದರೆ ಸೂರೂ ಪಾಯವೂ, ಇದ್ದರೆ ಸಾಕೆಂಬ ಗಾದೆ ಅಲ್ಲಿ ಇದೆಯೆಂದೂ ಒಮ್ಮೆ ಅವರಿಗೆ ಹೇಳಿದೆ. ಅಲ್ಲಿಯೂ ಮಳೆ ಜೋರೇ ಎಂದು ಕೇಳಿದರು. ನಮಗಿಂತ ಹೆಚ್ಚು ಎಂದೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಮರುದಿನ ಬಂದು, ಸೂರು ಗೋಡೆಯಿಂದ ಎರಡು ಅಡಿ ಹೊರಗೆ ಚಾಚಲೇಬೇಕು, ಮಾಳಿಗೆಯ ಆಸೆ ಬಿಟ್ಟು ಹೆಂಚು ಹೊದಿಸು ಎಂದರು. ಬದುಕೆಲ್ಲ ಮಾಳಿಗೆಗೆ ಮಣ್ಣು ಹಾಕಿದವರ ಬಾಯಿಂದ ಆ ಮಾತು ಬಂದದ್ದು ಸಣ್ಣದಲ್ಲ.

ಆ ಎರಡನೆಯ ಗೋಡೆ ಕಲ್ಲಿನ ಮೇಲೆ ನಿಂತು, ತಲೆಗೊಂದು ತಗಡು ಹೊದ್ದು, ಮಿರಗದಿಂದ ಚಿತ್ತಿಯವರೆಗೆ ಎಲ್ಲ ಮಳೆಗಳನ್ನೂ ಕಂಡಿತು. ಒಂದು ಮಗ್ಗುಲಿಗೆ ಸುಣ್ಣದ ಗಿಲಾವು ಮಾಡಿ, ಇನ್ನೊಂದನ್ನು ಬೇಕೆಂದೇ ಬರಿಮೈ ಬಿಟ್ಟಿದ್ದೆ. ಬರಿಮೈಯ ಮೂಲೆಯಲ್ಲಿ ಮಳೆ ಬೆರಳಿನಷ್ಟು ಮಣ್ಣು ಕಿತ್ತಿದೆ, ಉಳಿದಂತೆ ಗೋಡೆ ನೆಟ್ಟಗಿದೆ. ಇಷ್ಟು ದಿನ ಆ ಕಡೆ ತಿರುಗಿಯೂ ನೋಡದಿದ್ದ ಅವ್ವ ಕಳೆದ ವಾರ ಬುತ್ತಿ ತಂದಾಗ, ಯಾರೂ ಕೇಳದೆಯೇ, ಆ ಗೋಡೆಗೆ ಬೆನ್ನು ಕೊಟ್ಟು ಕುಳಿತು ರೊಟ್ಟಿ ಬಿಚ್ಚಿದಳು. ನಾನು ಎದ್ದು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅವ್ವ, ನಿನ್ನ ಒಪ್ಪಿಗೆಗೆ ನಾನು ಇನ್ನೇನೂ ಬರೆಯಲಾರೆ.

ಕೂಲಿಯ ಮಾತೆತ್ತಿದಾಗಲೆಲ್ಲ ದೊಡ್ಡವ್ವ ಎದ್ದು ಹೋಗಿಬಿಡುತ್ತಿದ್ದರು. ಮೊನ್ನೆ ತಾವಾಗಿಯೇ ಒಂದನ್ನು ಕೇಳಿದರು: ಮೂಡಣ ಗೋಡೆಗೆ ಹೊರಗಿನಿಂದ ಒಂದು ಕಟ್ಟೆ ಬೇಕು, ಎಳೆಬಿಸಿಲಿನಲ್ಲಿ ಕುಳಿತುಕೊಳ್ಳಲು, ಮೊಣಕಾಲು ಹೆಚ್ಚು ಮಡಚದಂಥದ್ದು. ಕಾಬ್‌ನಲ್ಲಿ ಗೋಡೆಯ ಜೊತೆಗೇ ಕಟ್ಟೆಯನ್ನು ಒಂದೇ ಮೈಯಾಗಿ ಎಬ್ಬಿಸಬಹುದು. ಅದಕ್ಕಾಗಿ ಮೇಸ್ತ್ರಿಯಿಂದ ಆ ಮಗ್ಗುಲಿಗೆ, ಪಾಯಕ್ಕಿಂತ ತಗ್ಗಾಗಿ, ಎರಡು ಅಡಿ ಹೆಚ್ಚು ಅಗಲಕ್ಕೆ ಕಲ್ಲು ಕೂಡಿಸಿದ್ದೇನೆ. ನಿನ್ನೆ ಸಂಜೆ ದೊಡ್ಡವ್ವನನ್ನು ಪಕ್ಕದಲ್ಲಿ ನಿಲ್ಲಿಸಿ, ದಾರದಿಂದ ಅವರ ಮೊಣಕಾಲಿನ ಎತ್ತರ ಹಿಡಿದು, ಆ ಅಳತೆಗೆ ಒಂದು ಗೂಟ ನೆಟ್ಟು ಸುಣ್ಣ ಹಚ್ಚಿದೆ. ಹದಿನೆಂಟು ಇಂಚು ಬಂದಿತು.